ತಿಮ್ಮಯ್ಯ ಮತ್ತು ಥೋರಾತ್: ಸ್ಯಾಂಡ್‌ಹರ್ಸ್ಟ್‌ನಿಂದ ಶುರುವಾದ ದೋಸ್ತಿ

ನಾಲವಾರ, ವಾಡಿ, ಚಿತ್ತಾಪುರ, ಸೇಡಂ ಕಡೆ ಮಿಲಿಟರಿ ಮಾತು ಬಂದರೆ ಹಿರಿಯರು ನೇರ 1948ರ ಸೆಪ್ಟೆಂಬರಿಗೆ ಹೋಗಿ ನಿಲ್ಲುತ್ತಾರೆ. ರಜಾಕಾರರ ಹಾವಳಿ, ಸೋಲಾಪುರದ ಕಡೆಯಿಂದ ಬಂದ ಟ್ಯಾಂಕುಗಳು, ಐದೇ ದಿನದಲ್ಲಿ ಮುಗಿದ ಪೊಲೀಸ್ ಆ್ಯಕ್ಷನ್, 17ನೇ ತಾರೀಖಿನ ವಿಮೋಚನೆ. ಅದು ಸಹಜ, ನಿಜಾಮರ ಆಳ್ವಿಕೆಯ ಮೊಗಲಾಯಿಯ ಜನ ಕಣ್ಣಾರೆ ಕಂಡ ಸೈನ್ಯ ಅದು. ಆದರೆ ಈ ನಾಡಿಗೂ ಭಾರತೀಯ ಸೈನ್ಯಕ್ಕೂ ಇದಕ್ಕಿಂತ ಹಳೆಯ ನಂಟೊಂದಿದೆ. ಕೊಡಗಿನ ಜನರಲ್ ತಿಮ್ಮಯ್ಯನವರು ಯುವಕನಾಗಿ ಹೆಗಲ ಮೇಲೆ ಹೊತ್ತದ್ದು ಹೈದರಾಬಾದ್ ಎಂಬ ಹೆಸರನ್ನು. ಅವರದು 19ನೇ ಹೈದರಾಬಾದ್ ರೆಜಿಮೆಂಟ್.

ಆ ರೆಜಿಮೆಂಟಿನ ಬೇರು ನಿಜಾಮರ ಹೈದರಾಬಾದ್ ಕಂಟಿಂಜೆಂಟಿನಲ್ಲಿದೆ. ಅಧಿಕಾರಿಗಳು ಇಂಗ್ಲಿಷರು, ಖರ್ಚು ಮಾತ್ರ ನಿಜಾಮರದು. ಆ ಖರ್ಚಿನ ಬಾಕಿ ಏರುತ್ತ ಹೋಗಿ 1853ರಲ್ಲಿ ನಿಜಾಮರು ವರಾಡ, ಧಾರಾಶಿವ, ರಾಯಚೂರು ದೋಆಬ ಇಷ್ಟನ್ನೂ ಕಂಪನಿಯ ಕೈಗೆ ಒಪ್ಪಿಸಬೇಕಾಯಿತು. ದೋಆಬ ಮರಳಿ ನಿಜಾಮರ ಪಾಲಾದದ್ದು 1860ರಲ್ಲಿ. ಅಂದರೆ ಏಳು ವರ್ಷ ಕೃಷ್ಣಾ ತುಂಗಭದ್ರೆಯರ ನಡುವಿನ ಕನ್ನಡ ರೈತ ಕಟ್ಟಿದ ಕಂದಾಯ ಆ ಸಿಪಾಯಿಗಳ ಪಗಾರಕ್ಕೆ ಸಂದಿತು. ಲಿಂಗಸುಗೂರಿನ ಛಾವಣಿ ಅದೇ ಕಂಟಿಂಜೆಂಟಿನದು. 1903ರಲ್ಲಿ ಆ ಪಡೆ ಬ್ರಿಟಿಷ್ ಇಂಡಿಯಾದ ಸೈನ್ಯದಲ್ಲಿ ಸೇರಿಹೋಯಿತು, 1920ರ ದಶಕದ ಮರುಜೋಡಣೆಯಲ್ಲಿ 19ನೇ ಹೈದರಾಬಾದ್ ರೆಜಿಮೆಂಟ್ ಎನಿಸಿಕೊಂಡಿತು. ಅಷ್ಟರಲ್ಲಿ ಅದರ ಜವಾನರು ಬಹುಪಾಲು ಕುಮಾವೂಂ ಬೆಟ್ಟದವರು, ಅಹಿರರು, ಜಾಟರು. ಉಳಿದದ್ದು ದಖ್ಖನದ ಹೆಸರು ಮಾತ್ರ.

ಇತಿಹಾಸದ ಪುಸ್ತಕಗಳು ತಿಮ್ಮಯ್ಯನವರನ್ನು ಒಬ್ಬಂಟಿ ವೀರನಾಗಿ ಚಿತ್ರಿಸುತ್ತವೆ. ನನಗೆ ಆ ಚಿತ್ರ ಅರ್ಧವಾಗಿ ಕಾಣುತ್ತದೆ. ಅವರ ಬದುಕಿನ ದೊಡ್ಡ ಘಟ್ಟಗಳಲ್ಲೆಲ್ಲ ಪಕ್ಕದಲ್ಲಿ ಇನ್ನೊಬ್ಬರು ನಿಂತಿದ್ದಾರೆ: ಶಂಕರರಾವ್ ಪಾಂಡುರಂಗ ಪಾಟೀಲ ಥೋರಾತ್. ಒಬ್ಬರು ಮಡಿಕೇರಿಯಲ್ಲಿ 1906ರ ಮಾರ್ಚಿನಲ್ಲಿ ಹುಟ್ಟಿದವರು, ಇನ್ನೊಬ್ಬರು ಅದೇ ವರ್ಷ ಆಗಸ್ಟಿನಲ್ಲಿ ಕೊಲ್ಹಾಪುರ ಸೀಮೆಯ ವಡಗಾಂವದಲ್ಲಿ. ಕೊಡಂದೇರ ಮನೆತನದ ಆ ಹುಡುಗನಿಗೆ ಮನೆಯಲ್ಲಿ ದುಬ್ಬು ಎಂಬ ಮುದ್ದಿನ ಹೆಸರು, ಸೈನ್ಯಕ್ಕೆ ಹೋದ ಮೇಲೆ ಟಿಮ್ಮಿ. ಇಬ್ಬರ ದಾರಿ ಕೂಡಿದ್ದು ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್ ಸೈನಿಕ ಶಾಲೆಯಲ್ಲಿ.

ಆಗಿನ ಸ್ಯಾಂಡ್‌ಹರ್ಸ್ಟ್ ಎಂದರೆ ಏನೆಂದು ಇಂದಿನ ಓದುಗರಿಗೆ ಹೇಳಬೇಕು. ಮೊದಲ ಮಹಾಯುದ್ಧದ ಕೊನೆಗೆ, 1918ರಲ್ಲಿ, ವರ್ಷಕ್ಕೆ ಹತ್ತು ಜಾಗಗಳನ್ನು ಭಾರತೀಯರಿಗೆ ಎತ್ತಿಟ್ಟರು. ಇಡೀ ದೇಶಕ್ಕೆ ಹತ್ತು. ಅಲ್ಲಿಗೆ ಹುಡುಗರನ್ನು ಅಣಿಗೊಳಿಸಲು 1922ರಲ್ಲಿ ಡೆಹ್ರಾಡೂನಿನಲ್ಲಿ ಒಂದು ಕಾಲೇಜು ತೆರೆದರು. ಕೂನೂರು, ಬೆಂಗಳೂರುಗಳ ಶಾಲೆಗಳಲ್ಲಿ ಓದಿದ್ದ ತಿಮ್ಮಯ್ಯ ಅದರ ಮೊದಮೊದಲ ವಿದ್ಯಾರ್ಥಿಗಳಲ್ಲೊಬ್ಬರು. ಹಡಗು ಹತ್ತಿ ಹೋದ ಹದಿನೆಂಟು ಹತ್ತೊಂಬತ್ತರ ಹುಡುಗರು ನೂರಾರು ಇಂಗ್ಲಿಷ್ ಕೆಡೆಟ್‌ಗಳ ನಡುವೆ ಬೆರಳೆಣಿಕೆಯಷ್ಟು ಮಂದಿ. ಚಳಿ, ಪರೇಡು, ತಮಗಿಂತ ಕಡಿಮೆಯವರೆಂದು ನೋಡುವ ಕಣ್ಣು. ಅಂಥ ಕಡೆ ನಿಮ್ಮ ಪಕ್ಕದ ಭಾರತೀಯ ಹುಡುಗ ಕೊಡಗಿನವನೋ ಕೊಲ್ಹಾಪುರದವನೋ ಎಂದು ಕೇಳುವ ಪ್ರಶ್ನೆಯೇ ಏಳುವುದಿಲ್ಲ. ತಿಮ್ಮಯ್ಯನವರಿಗೆ ಕಮಿಷನ್ ಸಿಕ್ಕಿದ್ದು 1926ರ ಫೆಬ್ರುವರಿಯಲ್ಲಿ, ಥೋರಾತರಿಗೆ ಅದೇ ವರ್ಷದ ಆಗಸ್ಟಿನಲ್ಲಿ. ಈ ಆರು ತಿಂಗಳ ಅಂತರವನ್ನು ಓದುಗರು ನೆನಪಿನಲ್ಲಿಡಬೇಕು. ತಿಮ್ಮಯ್ಯನವರ ತಂಡದಲ್ಲೇ ಪ್ರಾಣನಾಥ ಥಾಪರ್ ಎಂಬ ಪಂಜಾಬಿ ಯುವಕನೂ ಇದ್ದ.

ಊರಿಗೆ ಮರಳಿದ ಮೇಲೆ ಅವರಿಗೆ ತೆರೆದದ್ದು ಎಂಟೇ ಬಾಗಿಲು. ಭಾರತೀಯ ಅಧಿಕಾರಿಗಳನ್ನು ಎಂಟು ದಳಗಳಿಗೆ ಮಾತ್ರ ಹಾಕುವುದೆಂದು 1923ರಲ್ಲಿ ತೀರ್ಮಾನವಾಗಿತ್ತು, ಇಂಗ್ಲಿಷ್ ಅಧಿಕಾರಿ ಭಾರತೀಯನ ಕೈಕೆಳಗೆ ದುಡಿಯುವ ಪ್ರಸಂಗ ಬಾರದಿರಲಿ ಎಂಬ ಲೆಕ್ಕಾಚಾರ. ಆ ಎಂಟರಲ್ಲಿ ಒಂದು 19ನೇ ಹೈದರಾಬಾದ್ ರೆಜಿಮೆಂಟಿನ ನಾಲ್ಕನೇ ಬೆಟಾಲಿಯನ್. ತಿಮ್ಮಯ್ಯ ಅಲ್ಲಿಗೆ ಹೋದರು. ಇನ್ನೊಂದು 14ನೇ ಪಂಜಾಬ್ ರೆಜಿಮೆಂಟಿನ ಒಂದನೇ ಬೆಟಾಲಿಯನ್, ಅದು ಥೋರಾತರ ಪಾಲಿಗೆ ಬಂತು. ಸಮವಸ್ತ್ರ ತೊಟ್ಟ ಆ ತಲೆಮಾರನ್ನು ಒಳಗೊಳಗೇ ಒಂದು ಪ್ರಶ್ನೆ ಕೊರೆಯುತ್ತಿತ್ತು. ಹೊರಗೆ ಗಾಂಧೀಜಿಯ ಚಳವಳಿ, ಒಳಗೆ ತಾವು ಸರ್ಕಾರದ ಸಿಪಾಯಿಗಳು. ಅಲಹಾಬಾದಿನಲ್ಲಿದ್ದಾಗ ತಿಮ್ಮಯ್ಯ ಮತ್ತು ಜೊತೆಯ ಅಧಿಕಾರಿಗಳು ರಾಜೀನಾಮೆ ಕೊಡುವ ವಿಚಾರವನ್ನು ಮೋತಿಲಾಲ್ ನೆಹರೂ ಅವರ ಮುಂದಿಟ್ಟರಂತೆ. ಬಿಡಬೇಡಿ, ಸ್ವಾತಂತ್ರ್ಯ ಬಂದ ದಿನ ಸೈನ್ಯ ನಡೆಸಬಲ್ಲವರು ದೇಶಕ್ಕೆ ಬೇಕಾಗುತ್ತಾರೆ ಎಂದು ಹಿರಿಯರು ಬುದ್ಧಿ ಹೇಳಿದರು. ತಿಮ್ಮಯ್ಯ ಉಳಿದರು. ಅವರ ಅಣ್ಣ ಪೊನ್ನಪ್ಪ ಮುಂದೆ ಸುಭಾಷರ ಆಜಾದ್ ಹಿಂದ್ ಫೌಜಿಗೆ ಸೇರಿದರು. ಒಂದೇ ಮನೆಯ ಇಬ್ಬರು ಮಕ್ಕಳು ಆ ಪ್ರಶ್ನೆಗೆ ಎರಡು ಉತ್ತರ ಕೊಟ್ಟರು, ಎರಡೂ ದೇಶದ ಮೇಲಿನ ಪ್ರೀತಿಯಿಂದಲೇ ಬಂದ ಉತ್ತರ.

ಮುಂದಿನ ಹದಿನೈದು ವರ್ಷ ಬೇಗ ದಾಟಬಹುದು. ಕ್ವೆಟ್ಟಾ, ಮದ್ರಾಸ್, ಸಿಂಗಪುರ ಎಂದು ತಿಮ್ಮಯ್ಯ ತಿರುಗಿದರು, ಥೋರಾತರು ತಮ್ಮ ಪಂಜಾಬ್ ದಳದೊಂದಿಗೆ ಬೆಳೆದರು. ಇಬ್ಬರನ್ನೂ ಒಂದೇ ಕೆಸರಿನಲ್ಲಿ ತಂದು ನಿಲ್ಲಿಸಿದ್ದು ಬರ್ಮಾದ ಅರಾಕಾನ್.

1945ರ ಜನವರಿ. ಹಿಂದೆಗೆಯುತ್ತಿದ್ದ ಜಪಾನಿ ಡಿವಿಜನ್ನಿಗೆ ಉಳಿದಿದ್ದ ಒಂದೇ ದಾರಿ ಕಂಗಾವ್ ಎಂಬ ಹಳ್ಳಿಯ ಮಗ್ಗುಲಲ್ಲಿ ಹಾಯುತ್ತಿತ್ತು. ಅದನ್ನು ಕತ್ತರಿಸಲು ಸಮುದ್ರದ ಕಡೆಯಿಂದ, ಕಾಂಡ್ಲಾ ಗಿಡಗಳ ನಡುವೆ ಹರಿಯುವ ಉಪ್ಪುನೀರಿನ ಕಾಲುವೆಗಳಲ್ಲಿ ದೋಣಿ ನಡೆಸಿಕೊಂಡು ಪಡೆಗಳು ಇಳಿದವು. ಉಬ್ಬರ ಬಂದರೆ ನೀರು, ಇಳಿದರೆ ಮೊಣಕಾಲು ಮುಳುಗುವ ಕೆಸರು. ಅಲ್ಲಿಗೆ ಬಂದ 51ನೇ ಬ್ರಿಗೇಡಿನಲ್ಲಿ ಒಂದು ಹೊಸತಿತ್ತು. ಬ್ರಿಗೇಡಿಯರ್ ಹಟನ್ ಇಂಗ್ಲಿಷರು, ಆದರೆ ಅವರ ಕೈಕೆಳಗಿನ ಮೂರೂ ಬೆಟಾಲಿಯನ್ ನಡೆಸುತ್ತಿದ್ದವರು ಭಾರತೀಯರು. ಹೈದರಾಬಾದ್ ರೆಜಿಮೆಂಟಿನ ಎಂಟನೇ ಬೆಟಾಲಿಯನ್ನಿಗೆ ತಿಮ್ಮಯ್ಯ, 2ನೇ ಪಂಜಾಬ್ ರೆಜಿಮೆಂಟಿನ ಎರಡನೇ ಬೆಟಾಲಿಯನ್ನಿಗೆ ಥೋರಾತ್, ಬಲೂಚ್ ರೆಜಿಮೆಂಟಿನ ಹದಿನಾರನೆಯದಕ್ಕೆ ಎಲ್.ಪಿ. ಸೇನ್. ಭಾರತೀಯರಿಗೆ ದಳ ನಡೆಸುವ ಯೋಗ್ಯತೆ ಇಲ್ಲವೆಂದು ಇಪ್ಪತ್ತು ವರ್ಷ ವಾದಿಸಿದವರಿಗೆ ಆ ಬ್ರಿಗೇಡ್ ಒಂದು ಪರೀಕ್ಷೆಯಂತೆ ಕಂಡಿರಬೇಕು. ಆ ಮೂವರಿಗೆ ಅದು ಗೊತ್ತಿತ್ತು.

ದಾರಿಯನ್ನು ಕಾಯುತ್ತಿದ್ದ ಒಂದು ಗುಡ್ಡಕ್ಕೆ ನಕ್ಷೆಯಲ್ಲಿ ಮೆಲ್‌ರೋಸ್ ಎಂದು ಹೆಸರಿಟ್ಟಿದ್ದರು. ಜಪಾನಿಯರು ಅದರ ಮೈತುಂಬ ಬಂಕರ್ ತೋಡಿ ಕೂತಿದ್ದರು. ದಿನಗಳ ಕಾದಾಟದ ಬಳಿಕ ಜನವರಿ 29ರಂದು ಥೋರಾತರ ಪಂಜಾಬಿಗಳು ಬಯನೆಟ್ ಹಿಡಿದು ಆ ಗುಡ್ಡ ಏರಿದರು. ಮೆಲ್‌ರೋಸ್ ಕೈಗೆ ಬಂತು, ಬೆಲೆ ಬಹಳ ತೆತ್ತ ಮೇಲೆ. ಮೂವರಿಗೂ ಡಿ.ಎಸ್.ಒ. ಪದಕ ಸಿಕ್ಕಿತು. ಕೆಲವೇ ವಾರಗಳಲ್ಲಿ ತಿಮ್ಮಯ್ಯನವರಿಗೆ 36ನೇ ಬ್ರಿಗೇಡ್ ಒಪ್ಪಿಸಿದರು. ರಣರಂಗದಲ್ಲಿ ಬ್ರಿಗೇಡ್ ನಡೆಸಿದ ಮೊದಲ ಭಾರತೀಯ ಅವರೇ. ಅವರ ಬೆಟಾಲಿಯನ್ನಿನಲ್ಲಿ ಆಗ ಸೋಮನಾಥ ಶರ್ಮಾ ಎಂಬ ಎಳೆಯ ಅಧಿಕಾರಿಯೊಬ್ಬರಿದ್ದರು. 1947ರ ನವೆಂಬರ್ 3ರಂದು ಶ್ರೀನಗರದ ವಿಮಾನ ನಿಲ್ದಾಣ ಉಳಿಸಲು ಬಡಗಾಮಿನಲ್ಲಿ ಪ್ರಾಣ ಕೊಟ್ಟು ದೇಶದ ಮೊದಲ ಪರಮವೀರ ಚಕ್ರಕ್ಕೆ ಪಾತ್ರರಾದ ಮೇಜರ್ ಶರ್ಮಾ ಅವರೇ.

ಯುದ್ಧ ಮುಗಿದ ವರ್ಷವೇ, 1945ರ ಅಕ್ಟೋಬರಿನಲ್ಲಿ, ಹೈದರಾಬಾದ್ ಎಂಬ ಹೆಸರು ರೆಜಿಮೆಂಟಿನಿಂದ ಇಳಿಯಿತು. ಅದು ಕುಮಾವೂಂ ರೆಜಿಮೆಂಟ್ ಆಯಿತು, ತಿಮ್ಮಯ್ಯ ಮುಂದೆ ಅದರ ಕರ್ನಲ್ ಆದರು. ಮೂರು ವರ್ಷಕ್ಕೆ ಹೈದರಾಬಾದ್ ಸಂಸ್ಥಾನವೇ ಹೋಯಿತು. 1948ರ ಸೆಪ್ಟೆಂಬರಿನಲ್ಲಿ ಜನರಲ್ ಚೌಧುರಿ ಅವರ ಪಡೆ ನಳದುರ್ಗ, ಹುಮನಾಬಾದ್ ದಾಟಿ ಬರುತ್ತಿದ್ದಾಗ ತಿಮ್ಮಯ್ಯ ಕಾಶ್ಮೀರದ ಯುದ್ಧದಲ್ಲಿ ಒಂದು ಡಿವಿಜನ್ ನಡೆಸುತ್ತಿದ್ದರು. ನಮ್ಮ ಕಡೆ ವಿಮೋಚನೆಯ ಸಿಹಿ ಹಂಚಿ ಆರು ವಾರವಾಗಿತ್ತು, ಅಷ್ಟರಲ್ಲಿ ಅವರು ಜೋಜಿ ಲಾ ಕಣಿವೆಗೆ ಟ್ಯಾಂಕುಗಳನ್ನು ಏರಿಸಿದರು. ಹನ್ನೊಂದು ಸಾವಿರ ಅಡಿಯ ಮೇಲೆ, ಹಿಮದಲ್ಲಿ, ನವೆಂಬರ್ 1ರಂದು. ಡಿವಿಜನ್ನಿನ ಮೇಜರ್ ಜನರಲ್ ತಾವೇ ಮುಂಚೂಣಿಯ ಟ್ಯಾಂಕಿನಲ್ಲಿ ಕೂತು ಹೋದರು.

ಇಬ್ಬರು ಗೆಳೆಯರು ಮತ್ತೆ ಒಟ್ಟಾಗಿದ್ದು ಕೊರಿಯಾದಲ್ಲಿ. ಅವರಿಬ್ಬರ ನಡುವೆ ಎಂಥ ನಂಬಿಕೆ ಇತ್ತೆಂದು ತಿಳಿಯಬೇಕಾದರೆ ಕಂಗಾವ್‌ಗಿಂತ ಕೊರಿಯಾವನ್ನೇ ನೋಡಬೇಕು.

1953ರ ಜುಲೈ 27ರಂದು ಅಲ್ಲಿ ಕದನ ವಿರಾಮವಾಯಿತು. ಆದರೆ ಸಾವಿರಾರು ಯುದ್ಧಕೈದಿಗಳು ಸ್ವದೇಶಕ್ಕೆ ಮರಳಲು ಒಲ್ಲೆವೆಂದು ಕೂತಿದ್ದರು. ಅವರನ್ನೇನು ಮಾಡುವುದೆಂದು ನೋಡಲು ಸ್ವೀಡನ್, ಸ್ವಿಟ್ಜರ್ಲೆಂಡ್, ಪೋಲೆಂಡ್, ಚೆಕೊಸ್ಲೊವಾಕಿಯಾ, ಭಾರತ ಸೇರಿದ ಐದು ದೇಶಗಳ ಆಯೋಗ ರಚನೆಯಾಯಿತು. ಅಧ್ಯಕ್ಷರು ತಿಮ್ಮಯ್ಯ. ಕೈದಿಗಳನ್ನು ಕಾಯಲು ಹೋದ ಭಾರತೀಯ ಪಾಲಕ ಪಡೆಗೆ ಥೋರಾತ್ ದಂಡನಾಯಕರು. ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್ಮನ್ ರೀ ಭಾರತೀಯ ಸೈನಿಕ ತನ್ನ ನೆಲ ಮೆಟ್ಟಕೂಡದೆಂದು ಹಟ ಹಿಡಿದ. ಹಡಗಿನಿಂದ ಇಳಿದ ನಮ್ಮ ಜವಾನರನ್ನು ಹೆಲಿಕಾಪ್ಟರುಗಳಲ್ಲಿ ಸಾಗಿಸಿ ಎರಡೂ ಸೈನ್ಯಗಳ ನಡುವಿನ ಬರಿ ಬಯಲಿನಲ್ಲಿ ಇಳಿಸಬೇಕಾಯಿತು. ಅಲ್ಲಿ ಡೇರೆ ಹಾಕಿ ಹಿಂದ್ ನಗರ ಎಂದು ಹೆಸರಿಟ್ಟುಕೊಂಡರು.

ಅವರ ವಶಕ್ಕೆ ಬಂದ ಕೈದಿಗಳಲ್ಲಿ ಕಮ್ಯುನಿಸ್ಟ್ ಕಡೆಯವರು ಸುಮಾರು 22,600, ಅದರಲ್ಲಿ ಚೀನೀಯರೇ 14,700. ಎದುರು ಕಡೆಯವರು 359, ಅದರಲ್ಲಿ 23 ಅಮೆರಿಕನ್ನರು, ಒಬ್ಬ ಬ್ರಿಟಿಷ್. ಒಬ್ಬೊಬ್ಬ ಕೈದಿಗೂ ಅವನ ದೇಶದ ಪ್ರತಿನಿಧಿ ಎದುರು ಕೂತು, ಬಾ ಊರಿಗೆ ಹೋಗೋಣ ಎಂದು ತಿಳಿಹೇಳಲು ತೊಂಬತ್ತು ದಿನದ ಅವಕಾಶ. ಮುಳ್ಳುತಂತಿಯ ಆವರಣಗಳೊಳಗೆ ಕೈದಿಗಳದೇ ದಾದಾಗಳಿದ್ದರು, ಊರಿಗೆ ಹೋಗುತ್ತೇನೆಂದವನ ಗತಿ ಮುಗಿಯಿತು. ಸೆಪ್ಟೆಂಬರ್ ಕೊನೆಗೆ ಚೀನೀ ಕೈದಿಗಳು ಭಾರತೀಯ ಅಧಿಕಾರಿ ಮೇಜರ್ ಗ್ರೇವಾಲ್ ಅವರನ್ನು ಎಳೆದುಕೊಂಡು ಹೋಗಿ ಆವರಣದೊಳಗೆ ಒತ್ತೆ ಇಟ್ಟುಕೊಂಡರು. ಗುಂಡು ಹಾರಿಸಿದರೆ ಮೇಜರ್ ಉಳಿಯುವುದಿಲ್ಲ, ಸುಮ್ಮನಿದ್ದರೆ ಪಡೆಯ ಮಾನ ಉಳಿಯುವುದಿಲ್ಲ. ಜನರಲ್ ಥೋರಾತ್ ಆಯುಧವಿಲ್ಲದೆ ತಾವೇ ಆ ಗುಂಪಿನೊಳಗೆ ನಡೆದುಹೋದರು. ಸುತ್ತ ಕೂಗಾಡುವ ಜನ. ಮಾತಿನಿಂದಲೇ ಆ ಕಾವು ಇಳಿಸಿ, ಗ್ರೇವಾಲರನ್ನು ಜೊತೆಗೆ ಕರೆದುಕೊಂಡು ಹೊರಬಂದರು. ಎಲ್ಲ ದಿನಗಳೂ ಹೀಗೆ ಮುಗಿಯಲಿಲ್ಲ. ಅಕ್ಟೋಬರ್ ಮೊದಲ ದಿನಗಳಲ್ಲಿ ಕೈದಿಗಳು ತಂತಿ ಮುರಿದು ನುಗ್ಗಲು ನೋಡಿದಾಗ ಜವಾನರು ಗುಂಡು ಹಾರಿಸಬೇಕಾಯಿತು, ಕೆಲವರು ಸತ್ತರು.

ಇತ್ತ ಆಯೋಗದ ಮೇಜಿನಲ್ಲಿ ತಿಮ್ಮಯ್ಯನವರ ಇಕ್ಕಟ್ಟು ಇನ್ನೊಂದು ಬಗೆಯದು. ಕೈದಿಗಳನ್ನು ಬಲವಂತವಾಗಿ ಮಾತುಕತೆಗೆ ಎಳೆದು ತರಬೇಕೆಂದು ಎರಡು ದೇಶ, ಕೂಡದೆಂದು ಎರಡು ದೇಶ. ತೂಕದ ಮತ ಭಾರತದ್ದು. ಬಲಪ್ರಯೋಗ ಎಂದು ಅಲ್ಲಿ ತೀರ್ಮಾನವಾದರೆ ಅದನ್ನು ಮಾಡಬೇಕಾದವರು ಥೋರಾತರ ಹುಡುಗರು, ಹೆಣ ಬೀಳುವುದು ಅವರ ಕೈಯಿಂದ. ಮೇಜಿನ ಮುಂದೆ ಕೂತವರು ಕಂಗಾವಿನ ಕೆಸರಿನಲ್ಲಿ ಜೊತೆ ನಿಂತವರಲ್ಲದೆ ಬೇರೆ ಯಾರೋ ಆಗಿದ್ದರೆ, ತಂತಿಯ ಬಳಿ ನಿಂತವನ ಕಷ್ಟ ಅವರಿಗೆ ಕಾಗದದ ಮೇಲಿನ ಸಾಲಾಗಿಯೇ ಉಳಿಯುತ್ತಿತ್ತು ಎಂದು ನನ್ನ ನಂಬಿಕೆ. ಬಲಪ್ರಯೋಗಕ್ಕೆ ಭಾರತ ಒಪ್ಪಲಿಲ್ಲ. 1954ರ ಜನವರಿಯಲ್ಲಿ ಉಳಿದ ಕೈದಿಗಳನ್ನು ಬಂದ ಕಡೆಗೇ ಒಪ್ಪಿಸಿದರು. ಎರಡೂ ಕಡೆ ಬೇಡವೆಂದ ಎಂಬತ್ತಕ್ಕೂ ಹೆಚ್ಚು ಮಂದಿ ಭಾರತದ ಹಡಗು ಹತ್ತಿ ಬಂದರು. ತಿಮ್ಮಯ್ಯನವರಿಗೆ ಪದ್ಮಭೂಷಣ, ಥೋರಾತರಿಗೆ ಈಗ ಕೀರ್ತಿ ಚಕ್ರ ಎನ್ನುವ ಅಂದಿನ ಅಶೋಕ ಚಕ್ರದ ಎರಡನೇ ದರ್ಜೆ.

1957ರ ಮೇ ತಿಂಗಳಲ್ಲಿ ತಿಮ್ಮಯ್ಯ ಭೂಸೇನೆಯ ಮುಖ್ಯಸ್ಥರಾದರು. ನ್ಯಾಯವಾಗಿ ಹೇಳಬೇಕೆಂದರೆ ಅವರನ್ನು ಆರಿಸುವಾಗಲೂ ಅವರಿಗಿಂತ ಹಿರಿಯರಾಗಿದ್ದ ಇಬ್ಬರನ್ನು ಬದಿಗಿಟ್ಟಿದ್ದರು. ಅದೇ ಹೊತ್ತಿಗೆ ಥೋರಾತ್ ಲಖನೌದಲ್ಲಿ ಪೂರ್ವ ಕಮಾಂಡಿನ ಹೊಣೆ ಹೊತ್ತರು. ಚೀನಾದ ಗಡಿಯ ಈಶಾನ್ಯ ತುದಿ, ಆಗ ನೇಫಾ ಎನ್ನುತ್ತಿದ್ದ ಇಂದಿನ ಅರುಣಾಚಲ, ಅವರ ಪಾಲಿಗೆ ಬಂತು. ಅವರು ಕೂತು ಲೆಕ್ಕ ಹಾಕಿದರು. ರಸ್ತೆ ಎಲ್ಲಿಯವರೆಗಿದೆ, ಹೇಸರಗತ್ತೆ ಎಲ್ಲಿಯವರೆಗೆ ಏರುತ್ತದೆ, ಒಂದು ತುಪಾಕಿಗೆ ಗುಂಡು ಮುಟ್ಟಿಸಲು ಎಷ್ಟು ದಿನ. ಗಡಿಗೆರೆಯ ಮೇಲೆ ಬರಿ ಕಾವಲು ಠಾಣೆ ಇರಲಿ, ನಿಜವಾದ ರಕ್ಷಣೆ ಹಿಂದೆ, ನಮ್ಮ ಸರಬರಾಜು ಮುಟ್ಟುವ ಎತ್ತರಗಳಲ್ಲಿ ಇರಲಿ, ಹಗೆ ಇಳಿದು ಬಂದಷ್ಟೂ ಅವನ ದಾರಿ ಉದ್ದವಾಗಿ ದಣಿಯುತ್ತಾನೆ ಎಂಬುದು ಅವರ ಯೋಜನೆಯ ತಿರುಳು. 1959ರ ಅಕ್ಟೋಬರಿನಲ್ಲಿ ಅದನ್ನು ಬರೆದು ಕಳಿಸಿದರು. ತಿಮ್ಮಯ್ಯ ಒಪ್ಪಿ ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಅವರಿಗೆ ಮುಟ್ಟಿಸಿದರು. ಚೀನಾದ ವಿಚಾರವನ್ನು ರಾಜತಾಂತ್ರಿಕವಾಗಿ ತಾವು ನೋಡಿಕೊಳ್ಳುವುದಾಗಿ ಹೇಳಿ ಮೆನನ್ ಅದನ್ನು ತಳ್ಳಿಹಾಕಿದರೆಂದು ಥೋರಾತ್ ಬರೆದಿದ್ದಾರೆ. 1960ರ ಮಾರ್ಚಿನಲ್ಲಿ ಲಖನೌದಲ್ಲಿ ಲಾಲ್ ಕಿಲಾ ಎಂಬ ಹೆಸರಿನಲ್ಲಿ ನಕ್ಷೆಯ ಮೇಲೆ ಕವಾಯತು ನಡೆಸಿ, ಚೀನೀಯರು ನುಗ್ಗಿದರೆ ಏನಾಗುತ್ತದೆಂದು ಬಿಡಿಸಿ ತೋರಿಸಿದರು. ಎರಡೂವರೆ ವರ್ಷಕ್ಕೆ ಅದೇ ಆಯಿತು.

ದಿಲ್ಲಿಯಲ್ಲಿ ಆಗ ಗಾಳಿ ಕೆಟ್ಟಿತ್ತು. ಬಡ್ತಿಗಳ ವಿಷಯದಲ್ಲಿ ಮೆನನ್ ಅವರೊಂದಿಗೆ ಜಗಳ ಮುಟ್ಟಬಾರದ ಹಂತ ಮುಟ್ಟಿ 1959ರ ಆಗಸ್ಟ್ 31ರಂದು ತಿಮ್ಮಯ್ಯ ರಾಜೀನಾಮೆ ಕೊಟ್ಟಿದ್ದರು. ನೆಹರೂ ಕರೆದು ಒಪ್ಪಿಸಿ ಹಿಂದಕ್ಕೆ ಪಡೆಯುವಂತೆ ಮಾಡಿದರು. ಮರುದಿನವೇ ಪತ್ರಿಕೆಗೆ ಸುದ್ದಿ ಸೋರಿತು. ಸೆಪ್ಟೆಂಬರ್ 2ರಂದು ಪಾರ್ಲಿಮೆಂಟಿನಲ್ಲಿ ಅದೇ ನೆಹರೂ ತಮ್ಮ ದಂಡನಾಯಕರನ್ನು ಆಕ್ಷೇಪಿಸಿ ಮಾತಾಡಿದರು. ಆ ದಿನದ ನಂತರ ತಿಮ್ಮಯ್ಯನವರ ಮಾತಿಗೆ ಮೊದಲಿನ ತೂಕ ಉಳಿಯಲಿಲ್ಲ. ಅವರಿಗೆ ಹತ್ತಿರದವರನ್ನು ಒಂದು ಗುಂಪಿನವರೆಂದು ನೋಡುವ ರೂಢಿ ಬೆಳೆಯಿತು. ಮೂವತ್ತೈದು ವರ್ಷ ಜೊತೆ ನಡೆದು ಗಳಿಸಿದ ನಂಬಿಕೆ ದಿಲ್ಲಿಯ ಕಣ್ಣಿಗೆ ಒಳಗುಂಪಾಗಿ ಕಂಡದ್ದು ನನಗೆ ಈ ಕಥೆಯ ಅತಿ ನೋವಿನ ಭಾಗ.

1961ರ ಮೇ ತಿಂಗಳಲ್ಲಿ ತಿಮ್ಮಯ್ಯ ನಿವೃತ್ತರಾದರು. ತಮ್ಮ ಜಾಗಕ್ಕೆ ಥೋರಾತರೇ ಆಗಬೇಕೆಂದು ಬರೆದುಕೊಟ್ಟಿದ್ದರು. ಸರ್ಕಾರ ಆರಿಸಿದ್ದು ಥಾಪರ್ ಅವರನ್ನು, ಸ್ಯಾಂಡ್‌ಹರ್ಸ್ಟ್‌ನಲ್ಲಿ ತಿಮ್ಮಯ್ಯನವರ ತಂಡದಲ್ಲೇ ಇದ್ದ ಥಾಪರ್ ಅವರನ್ನು. ಹಿರಿತನದ ಲೆಕ್ಕದಲ್ಲಿ ಅವರು ಥೋರಾತರಿಗಿಂತ ಆರು ತಿಂಗಳು ಮುಂದೆ. ಹಾಗಾಗಿ ಈ ಆಯ್ಕೆ ನಿಯಮಕ್ಕೆ ಹೊರತಾದದ್ದೆಂದು ಹೇಳಲಾಗದು. ಆದರೆ ನೇಫಾದ ಗುಡ್ಡಗಳನ್ನು ಅಳೆದು ತೂಗಿ ಯೋಜನೆ ಬರೆದವರನ್ನು ಮನೆಗೆ ಕಳಿಸಿದ್ದು ನಿಯಮದ ಪ್ರಶ್ನೆಯಲ್ಲ, ವಿವೇಕದ ಪ್ರಶ್ನೆ. ಥೋರಾತರೂ ಅದೇ ತಿಂಗಳು ನಿವೃತ್ತರಾದರು. ಪೂರ್ವ ಕಮಾಂಡಿಗೆ ಬಂದವರು ಎಲ್.ಪಿ. ಸೇನ್, ಕಂಗಾವಿನ ಮೂರನೆಯವರು.

ಆಮೇಲಿನದು ಗೊತ್ತಿರುವ ದುಃಖ. 1962ರ ಜುಲೈನಲ್ಲಿ ತಿಮ್ಮಯ್ಯ ಸೆಮಿನಾರ್ ಎಂಬ ಮಾಸಿಕದಲ್ಲಿ ಬರೆದು, ಚೀನಾವನ್ನು ಒಬ್ಬಂಟಿಯಾಗಿ ಬಹಿರಂಗ ಯುದ್ಧದಲ್ಲಿ ಎದುರಿಸುವ ಶಕ್ತಿ ನಮ್ಮ ಸೈನ್ಯಕ್ಕಿಲ್ಲವೆಂದು ಎಚ್ಚರಿಸಿದರು. ಸೆಪ್ಟೆಂಬರಿನಲ್ಲಿ ಥಾಗ್ ಲಾ ದಿಣ್ಣೆಯಿಂದ ಚೀನೀಯರನ್ನು ಓಡಿಸಿ ಎಂಬ ಆಜ್ಞೆ ಬಂದಾಗ, ಇದು ಆಗದ ಕೆಲಸವೆಂದು ಕೋರ್ ಕಮಾಂಡರ್ ಉಮರಾವ್ ಸಿಂಗ್ ಅಡ್ಡ ಹೇಳಿದರು. ಸೇನ್ ಆಜ್ಞೆಯ ಕಡೆಗೇ ನಿಂತರು. ಉಮರಾವರಿಂದ ನೇಫಾದ ಹೊಣೆ ಕಿತ್ತು ಜನರಲ್ ಬಿ.ಎಂ. ಕೌಲ್ ಅವರಿಗೆ ಕೊಟ್ಟರು. ಅಕ್ಟೋಬರ್ 20ರಂದು ದಾಳಿ. ಕಂಗಾವಿನಲ್ಲಿ ಒಬ್ಬರ ಬೆನ್ನಿಗೊಬ್ಬರು ನಿಂತ ಮೂವರಲ್ಲಿ ಇಬ್ಬರು ಮನೆಯಲ್ಲಿ ರೇಡಿಯೊ ಕೇಳುತ್ತ ಕೂರುವಂತಾಯಿತು, ಮೂರನೆಯವರ ಹೆಸರಿಗೆ ಆ ಸೋಲು ಅಂಟಿತು. ಸೇನ್ ಹೇಡಿಯಲ್ಲ, ಕಾಶ್ಮೀರದಲ್ಲಿ ಶ್ರೀನಗರ ಉಳಿಸಿದ ಬ್ರಿಗೇಡ್ ಅವರದೇ. ಮೇಲಿನವರಿಗೆ ಇಲ್ಲ ಎನ್ನುವ ಧೈರ್ಯ ರಣರಂಗದ ಧೈರ್ಯಕ್ಕಿಂತ ಬೇರೆ.

ಆ ನವೆಂಬರಿನಲ್ಲಿ ತಿಮ್ಮಯ್ಯನವರ ರೆಜಿಮೆಂಟು, ಒಂದು ಕಾಲಕ್ಕೆ ನಮ್ಮ ಹೈದರಾಬಾದಿನ ಹೆಸರು ಹೊತ್ತಿದ್ದ ರೆಜಿಮೆಂಟು, ಎರಡು ತುದಿಗಳಲ್ಲಿ ರಕ್ತ ಹರಿಸಿತು. ನೇಫಾದ ವಲಾಂಗಿನಲ್ಲಿ 14ನೇ ತಾರೀಖು ಆರನೇ ಕುಮಾವೂಂ ಎದುರು ದಾಳಿಗೇ ನುಗ್ಗಿತು. ಲಡಾಖಿನ ರೆಜಾಂಗ್ ಲಾದಲ್ಲಿ 18ರಂದು ಮೇಜರ್ ಶೈತಾನ್ ಸಿಂಗ್ ಮತ್ತು ಹದಿಮೂರನೇ ಕುಮಾವೂಂನ ನೂರಕ್ಕೂ ಹೆಚ್ಚು ಅಹಿರ ಜವಾನರು ಇದ್ದಲ್ಲೇ ಮಡಿದರು. ಸೋಲಿನ ಆ ದಿನಗಳಲ್ಲಿ ನೆಹರೂ ಥೋರಾತರನ್ನು ದಿಲ್ಲಿಗೆ ಕರೆಸಿಕೊಂಡರು. 1959ರ ಯೋಜನೆ ತಮ್ಮ ಕಣ್ಣಿಗೇ ಬಿದ್ದಿರಲಿಲ್ಲ ಎಂದು ಪ್ರಧಾನಿ ಹೇಳಿದರೆಂದು ಥೋರಾತರ ನೆನಪು. ತಿಮ್ಮಯ್ಯ, ಥೋರಾತ್ ಇಬ್ಬರನ್ನೂ ಹೊಸ ರಾಷ್ಟ್ರೀಯ ರಕ್ಷಣಾ ಮಂಡಳಿಗೆ ಸೇರಿಸಿಕೊಂಡರು. ಕೇಳಬೇಕಾದ ಹೊತ್ತು ಆಗಲೇ ಮೀರಿತ್ತು.

ತಿಮ್ಮಯ್ಯ 1964ರ ಜುಲೈನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯ ಮುಖ್ಯಸ್ಥರಾಗಿ ಸೈಪ್ರಸ್‌ಗೆ ಹೋದರು. 1965ರ ಡಿಸೆಂಬರ್ 18ರಂದು ಅಲ್ಲೇ ಹೃದಯಾಘಾತದಿಂದ ತೀರಿಕೊಂಡರು, ಐವತ್ತೊಂಬತ್ತನೇ ವಯಸ್ಸಿನಲ್ಲಿ. ಬೆಂಗಳೂರಿಗೆ ತಂದು ವಿಲ್ಸನ್ ಗಾರ್ಡನ್ ಸ್ಮಶಾನದಲ್ಲಿ ಮಣ್ಣು ಮಾಡಿದರು. ಸೈಪ್ರಸ್ ಮರುವರ್ಷ ಅವರ ಚಿತ್ರದ ಅಂಚೆ ಚೀಟಿ ತಂದಿತು. ಮಡಿಕೇರಿಯಲ್ಲಿ ಅವರು ಬೆಳೆದ ಸನ್ನಿ ಸೈಡ್ ಮನೆ 2021ರಿಂದ ವಸ್ತುಸಂಗ್ರಹಾಲಯ.

ಗೆಳೆಯ ಹೋದ ಮೇಲೆ ಥೋರಾತ್ ಇಪ್ಪತ್ತಾರು ವರ್ಷಕ್ಕೂ ಹೆಚ್ಚು ಬಾಳಿದರು. ಮಹಾರಾಷ್ಟ್ರದ ಲೋಕಸೇವಾ ಆಯೋಗದ ಅಧ್ಯಕ್ಷರಾಗಿಯೂ ದುಡಿದರು. 1986ರಲ್ಲಿ ಅವರ ಆತ್ಮಕಥೆ ಅಚ್ಚಾಯಿತು. ಇಷ್ಟು ವರ್ಷ ಮಾತಾಡದೆ ಇಟ್ಟುಕೊಂಡಿದ್ದ ನೇಫಾದ ವಿವರವನ್ನು ಅದರಲ್ಲಿ ಓದುಗರ ಮುಂದಿಟ್ಟರು. 1992ರ ಆಗಸ್ಟಿನಲ್ಲಿ ತೀರಿಕೊಂಡರು. ಕೊರಿಯಾ ಕುರಿತು ತಿಮ್ಮಯ್ಯ ಬರೆದಿಟ್ಟಿದ್ದ ಪುಸ್ತಕ ಅವರ ಕಾಲಾನಂತರ, 1981ರಲ್ಲಿ ಹೊರಬಂದಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ಓದಬೇಕು. ಆಯೋಗದ ಮೇಜಿನಿಂದ ಕಂಡ ಕೊರಿಯಾ ಒಂದರಲ್ಲಿದೆ, ಮುಳ್ಳುತಂತಿಯ ಬಳಿ ನಿಂತು ಕಂಡ ಕೊರಿಯಾ ಇನ್ನೊಂದರಲ್ಲಿ.